ಮಾರ್ಜಿನ್ ಬಿಡದ ಕೋಟುಗಳು

ಫೆಬ್ರವರಿ ೧೧, ಮಂಗಳವಾರ

ಇವತ್ತು ಎದ್ದೆ! ಈ ಒಂದು ಮಾತು ಬರೆಯುವುದಕ್ಕೇ ಹೊಸ ಪುಸ್ತಕ ತೆಗೆದಿದ್ದೇನೆ.

ಮೂರು ತಿಂಗಳಿಂದ ಅಂಗಡಿಯ ಮೇಲಿನ ನನ್ನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಬಿದ್ದುಕೊಂಡಿದ್ದೆ. ಅಕ್ಕ ತಟ್ಟೆ ತಂದಿಟ್ಟರೆ ನಾಲ್ಕು ತುತ್ತು ನುಂಗುವುದು, ತಲೆ ಬಾಚಲು ಬಂದರೆ ತಲೆ ಕೊಡುವುದು, ಅಷ್ಟೇ ನನ್ನ ಕೆಲಸ. ಮೂಲೆಮನೆ ಡಾಕ್ಟರು ಬಂದು ನೋಡಿ, ಇದು ಡಿಪ್ರೆಶನ್ ಎಂದು ಒಂದು ಪುಟ್ಟ ಮಾತ್ರೆ ಬರೆದುಕೊಟ್ಟರು. ಕೆಲವು ವಾರ ಏನೂ ಆಗಲಿಲ್ಲ. ಇವತ್ತು ಯಾರೂ ಎಬ್ಬಿಸದೆ ಎಚ್ಚರವಾಯಿತು, ಸ್ನಾನ ಮಾಡೋಣ ಅನ್ನಿಸಿತು, ಮಾಡಿ ಮೆಟ್ಟಿಲಿಳಿದು ಅಂಗಡಿಗೆ ಬಂದೆ.

ಬಾಬಿನ್ ಮೆಷಿನ್ ನಿಲ್ಲಿಸಿ ಬಾಯಿ ತೆರೆದುಕೊಂಡು ನೋಡಿದಳು. ಅವಳಿಗೆ ಆ ಹೆಸರಿಟ್ಟಿದ್ದು ಭಾವ. ಮೆಷಿನ್ನಿನೊಳಗೆ ದಾರ ಸುತ್ತಿಡುವ ಬಾಬಿನ್ನಿನಂತೆಯೇ ಗಿಡ್ಡಗೆ ದುಂಡಗೆ ಇದ್ದಾಳೆ, ಬೆಳಗಿನಿಂದ ಸಂಜೆವರೆಗೆ ಕಾಜಾ ಹೊಲಿದು ಗುಂಡಿ ಹಾಕುತ್ತಾಳೆ, ಮಾತು ಬಹಳ ಕಡಿಮೆ. ಭಾವನಿಗೆ ಹೊಲಿಗೆ ಬರುವುದಿಲ್ಲ. ಬಟ್ಟೆ ತಲುಪಿಸುವುದು, ಕಾಫಿ ತರುವುದು, ಕೇಳದಿದ್ದರೂ ಅಭಿಪ್ರಾಯ ಹೇಳುವುದು ಅವರ ಖಾತೆ. "ಓಹೋ, ಮಹಾರಾಣಿಯವರ ಸವಾರಿ ಬಂತು!" ಎಂದವರು ಕಣ್ಣೊರೆಸಿಕೊಂಡು ಹೊರಗೆ ಹೋದರು.

ಅಕ್ಕ ಗೋಡೆಯ ಮೊಳೆಯಿಂದ ದೊಡ್ಡ ಕತ್ತರಿ ಇಳಿಸಿ ನನ್ನ ಮೇಜಿನ ಮೇಲಿಟ್ಟಳು. "ಬಟ್ಟೆ ಕಾಯ್ತಾ ಕೂತಿದೆ ಕಣೇ." ನಮ್ಮಲ್ಲಿ ಕತ್ತರಿಸುವವಳು ನಾನು, ಹೊಲಿಯುವವಳು ಅಕ್ಕ. ನಾನು ಮಲಗಿದ್ದಷ್ಟು ದಿನವೂ ಅವಳು ಆ ಕತ್ತರಿಯನ್ನು ಯಾರ ಕೈಗೂ ಕೊಡಲಿಲ್ಲವಂತೆ. ಬಟ್ಟೆಯನ್ನೇ ಬೇರೆ ಅಂಗಡಿಗೆ ಕಳಿಸಿ ಕತ್ತರಿಸಿ ತರಿಸುತ್ತಿದ್ದಳಂತೆ. ಒಂದು ಮಕ್ಕಳ ಅಂಗಿ ಕತ್ತರಿಸಿದೆ. ಕೈ ಏನನ್ನೂ ಮರೆತಿರಲಿಲ್ಲ.

ಫೆಬ್ರವರಿ ೧೪, ಶುಕ್ರವಾರ

ದೊಡ್ಡ ಆರ್ಡರ್ ಬಂದಿದೆ! ಹಳೆಯ ಸಭಾಂಗಣದ ದುರಸ್ತಿ ಮುಗಿಯುತ್ತಾ ಬಂದಿದೆಯಂತೆ. ಏಪ್ರಿಲ್‌ನಲ್ಲಿ ಬಾಗಿಲು ತೆರೆದರೆ ಮೊದಲ ಕಾರ್ಯಕ್ರಮ ವಾದ್ಯತಂಡದ್ದು. ತಂಡದ ಮೇಷ್ಟ್ರು ಖುದ್ದು ಬಂದಿದ್ದರು. ಎಲ್ಲರಿಗೂ ಕಪ್ಪು ಕೋಟು, ಎಲ್ಲವೂ ಒಂದೇ ತರಹ ಇರಬೇಕು ಎಂದರು.

"ಒಂದೇ ತರಹ ಕಾಣಿಸ್ಬೇಕೋ, ಒಂದೇ ತರಹ ಇರ್ಬೇಕೋ?" ಎಂದೆ.

"ಏನಮ್ಮಾ ವ್ಯತ್ಯಾಸ?"

ಶುರು ಮಾಡಿದೆ ನೋಡಿ. ಪಿಟೀಲು ಹಿಡಿಯುವವರ ಎಡಗೈ ಹೊತ್ತುಗಟ್ಟಲೆ ಮೇಲೆಯೇ ಇರುತ್ತದೆ, ಅವರಿಗೆ ಕಂಕುಳನ್ನು ಮೇಲಕ್ಕೆ ಕತ್ತರಿಸಬೇಕು. ಇಲ್ಲವಾದರೆ ಕೈಯ ಜೊತೆ ಇಡೀ ಕೋಟೇ ಕಿವಿಯ ತನಕ ಏರುತ್ತದೆ. ತುತ್ತೂರಿಯವರಿಗೆ ಎದೆ ಉಬ್ಬಲು ಜಾಗ ಬೇಕು. ಡ್ರಮ್ಮಿನವರಿಗೆ ಕೈ ಬೀಸಲು ಬೆನ್ನಿನಲ್ಲಿ ಮಡಿಕೆ ಬೇಕು. ಮೇಷ್ಟ್ರು ಕೂತಲ್ಲೇ ಮುಂದಕ್ಕೆ ಬಾಗಿದರು. "ಇಪ್ಪತ್ತು ವರ್ಷದಿಂದ ನನ್ನ ಕೋಟು ಯಾಕೆ ಹಿಡಿಯುತ್ತೆ ಅಂತ ಈಗ ಗೊತ್ತಾಯ್ತು" ಎಂದರು. ಅಕ್ಕನ ಮುಖ ನೋಡಬೇಕಿತ್ತು. ಅವಳ ಹೆಮ್ಮೆ ಬಾಯಿಗೆ ಬರುವುದಿಲ್ಲ, ಮೂಗಿನ ತುದಿ ಕೆಂಪಾಗುತ್ತದೆ.

ಫೆಬ್ರವರಿ ೧೯, ಬುಧವಾರ

ಎಷ್ಟು ಚೆನ್ನಾಗಿದ್ದೇನೆ! ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮೂಲೆಮನೆ ಡಾಕ್ಟರಿಗೆ ತೋರಿಸಿಕೊಂಡು ಬಂದೆ. ನನ್ನ ಮುಖ ಕಂಡೇ ಅವರಿಗೆ ಖುಷಿಯಾಯಿತು, ಮಾತ್ರೆ ಮುಂದುವರಿಸಿ ಎಂದರು. ನಿದ್ದೆ ಕಡಿಮೆಯಾಗಿದೆ ಎಂದು ಹೇಳಲು ಮರೆತೆ. ಮರೆತದ್ದಕ್ಕೆ ಕಾರಣ ಅದೊಂದು ತೊಂದರೆ ಅಂತಲೇ ನನಗೆ ಅನ್ನಿಸುತ್ತಿಲ್ಲ. ಎರಡು ಮೂರು ಗಂಟೆ ಮಲಗಿದರೆ ಸಾಕು, ಮೈ ಹಗುರ, ತಲೆಯಲ್ಲಿ ಹೊಸ ಹೊಸ ಕಟಿಂಗು. ಮೂರು ತಿಂಗಳು ಮಲಗಿ ಈ ವರ್ಷದ ನಿದ್ದೆಯನ್ನೆಲ್ಲ ಮುಂಗಡವಾಗಿ ಮುಗಿಸಿದ್ದೇನೆ ಎಂದು ಭಾವನಿಗೆ ಹೇಳಿದೆ. ಅವರು ನಕ್ಕರು, ಅಕ್ಕ ನಗಲಿಲ್ಲ.

ಇನ್ನೊಂದು ವಿಷಯ. ನನಗೆ ಟೇಪು ಬೇಕಾಗುತ್ತಿಲ್ಲ. ಮನುಷ್ಯ ಬಾಗಿಲಲ್ಲಿ ನಿಂತರೆ ಸಾಕು, ಭುಜ ಇಷ್ಟು, ಸೊಂಟ ಇಷ್ಟು ಎಂದು ಕಣ್ಣಿಗೇ ಬಂದುಬಿಡುತ್ತದೆ. ವಾದ್ಯತಂಡದ ಅರ್ಧ ಜನರನ್ನು ಹಾಗೇ ಅಳೆದು ಕಳಿಸಿದೆ. ಅಕ್ಕ ಟೇಪನ್ನು ನನ್ನ ಕೊರಳಿಗೆ ಹಾಕಿ, "ಹಿಡಿ ಇದನ್ನ" ಎಂದಳು. ಅವಳಿಗೆ ಅರ್ಥವಾಗುವುದಿಲ್ಲ, ಪಾಪ.

ಫೆಬ್ರವರಿ ೨೩, ಭಾನುವಾರ

ಮುಗಿಸಿದೆ! ಎಲ್ಲ ಕೋಟನ್ನೂ! ಅಕ್ಕ-ಭಾವ ನಿನ್ನೆ ಬೆಳಿಗ್ಗೆ ಅತ್ತೆಮನೆಗೆ ಹೋದವರು ನಾಳೆ ಬರುತ್ತಾರೆ, ಬಾಬಿನ್‌ಗೆ ರಜೆ, ಇಡೀ ಅಂಗಡಿ ನನ್ನದು, ಕೋಟಿನ ಕರಿ ಬಟ್ಟೆಯ ಥಾನನ್ನು ಮೇಜಿನ ಮೇಲೆ ಬಿಚ್ಚಿ ಹರಡಿದರೆ ಎಂಥಾ ಕಪ್ಪು, ಕಪ್ಪಿನೊಳಗೆ ನೀಲಿ, ನೀಲಿಯೊಳಗೆ ಇನ್ನೊಂದು ಕಪ್ಪು, ಇಷ್ಟು ವರ್ಷ ಬಟ್ಟೆಯನ್ನು ನಾನು ನೋಡೇ ಇರಲಿಲ್ಲ! ಕತ್ತರಿಸಿದೆ, ಕತ್ತರಿಸಿದೆ, ಕಚ್ಚಾ ಹೊಲಿಗೆಯನ್ನೂ ನಾನೇ ಹಾಕಿದೆ. ಉಳಿದ ಕೆಂಪು ಲೈನಿಂಗಿನಲ್ಲಿ ನನಗೂ ಒಂದು ಜಾಕೆಟ್.

ಮತ್ತೆ ಇದು ದೊಡ್ಡ ವಿಷಯ, ಬರೆದಿಡಬೇಕು: ಮಾರ್ಜಿನ್ ಬಿಟ್ಟಿಲ್ಲ! ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಹೆಚ್ಚಿಗೆ ಬಿಡುವುದು, ನಾಳೆ ಮೈ ಬಂದರೆ ಬಿಚ್ಚಿ ಸಡಿಲಿಸಬಹುದು ಎಂದು ಕತ್ತಲಲ್ಲಿ ಬಟ್ಟೆ ಬಚ್ಚಿಡುವುದು, ಇದು ಹೆದರುಪುಕ್ಕಲರ ಕೆಲಸ. ಅಳತೆ ಸರಿಯಿದ್ದವಳಿಗೆ ಮಾರ್ಜಿನ್ ಯಾಕೆ? ನಮ್ಮಪ್ಪ ಬಿಟ್ಟರು, ಅಕ್ಕ ಬಿಟ್ಟಳು, ಎಲ್ಲ ದರ್ಜಿಗಳೂ ಬಿಟ್ಟರು, ನಾನು ಬಿಡುವುದಿಲ್ಲ. ಚರ್ಮದಂತೆ ಕೂರುವ ಕೋಟು! ಇದಕ್ಕೆ ಶಾಲೆ ತೆರೆಯಬೇಕು. ಶಾಲೆಗೆ ಮೂರು ಮಹಡಿ.

ಫೆಬ್ರವರಿ ೨೫, ಮಂಗಳವಾರ

ಟ್ರಯಲ್ ಆಯಿತು. ಎಲ್ಲರೂ ಸಾಲಾಗಿ ನಿಂತು ಕೋಟು ತೊಟ್ಟರು, ಅಬ್ಬಾ, ಕಣ್ಣೆರಡು ಸಾಲದು. "ಎಲ್ಲಿ, ನುಡಿಸಿ" ಎಂದೆ. ಪಿಟೀಲಿನ ಅಜ್ಜನ ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು. ತುತ್ತೂರಿಯವರು ಉಸಿರೆಳೆದರು, ಗುಂಡಿ ಹಾರಿ ಹೋಗಿ ಭಾವನ ಕನ್ನಡಕಕ್ಕೆ ಬಡಿಯಿತು. ಡ್ರಮ್ಮಿನವರು ಎರಡೂ ಕೈ ಎತ್ತಿದ್ದೇ ತಡ, ಕಾಲರಿನಿಂದ ಕೆಳಗಿನವರೆಗೆ ಪರ್ರನೆ! ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಎಷ್ಟೋ ಹೊತ್ತಾದ ಮೇಲೆ ನೋಡಿದರೆ ನಗುತ್ತಿದ್ದವಳು ನಾನೊಬ್ಬಳೇ.

ಅಕ್ಕ ಒಂದು ಕೋಟನ್ನು ತಿರುಗಿಸಿ ಒಳಗೆ ನೋಡಿದಳು. ಇನ್ನೊಂದನ್ನು ತಿರುಗಿಸಿದಳು. "ಮಾರ್ಜಿನ್ ಎಲ್ಲಿ?"

"ಇಲ್ಲ."

"ಇಲ್ಲ ಅಂದ್ರೆ? ಇದನ್ನ ಈಗ ಏನು ಮಾಡಕ್ಕಾಗುತ್ತೆ? ಬಿಚ್ಚಿದ್ರೆ ಬರೋದು ಬರೀ ದಾರ!"

ಜನರೆದುರಿಗೆ! ನನಗೂ ರೇಗಿತು. "ನೀನು ಹುಟ್ಟಿದಾಗಿಂದ ಮಾರ್ಜಿನ್ ಒಳಗೇ ಬದುಕಿದವಳು, ನಿನಗೆ ಕಲೆ ಅಂದ್ರೇನು ಗೊತ್ತು?" ಎಂದೆ. ಇನ್ನೂ ಬಹಳ ಅಂದೆ. ಅವಳಿಗೆ ಮಕ್ಕಳಾಗದ್ದನ್ನೂ ಎತ್ತಿ ಆಡಿದೆ. ಅಕ್ಕನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು, ಈಗ ಸ್ಪಷ್ಟವಾಗಿ ಕಾಣಿಸುತ್ತಿದೆ.

ಫೆಬ್ರವರಿ ೨೭, ಗುರುವಾರ

ಎಲ್ಲಾ ಹೊಳೆಯಿತು ತಪ್ಪು ಕೋಟಿನದಲ್ಲ ಜನರದ್ದು ಅವರಿಗೆ ತಮ್ಮ ಅಳತೆಯೇ ಗೊತ್ತಿಲ್ಲ! ಊರಿನ ಎಲ್ಲರನ್ನೂ ಅಳೆಯಬೇಕು. ಎಲ್ಲರಿಗೂ ಕೋಟು. ಬಸ್ ನಿಲ್ದಾಣದಿಂದ ಶುರು, ಅಲ್ಲಿ ಜನ ಹೇಗೂ ಸುಮ್ಮನೆ ನಿಂತಿರುತ್ತಾರೆ. ಅಕ್ಕ ಬಾಗಿಲಲ್ಲಿ ಅಡ್ಡ ನಿಂತಿದ್ದಾಳೆ, ದೊಡ್ಡ ಆಸ್ಪತ್ರೆ ಅನ್ನುತ್ತಾಳೆ. ಅಡುಗೆಮನೆ ಬಾಗಿಲು ಇದೆಯಲ್ಲ! ಟೇಪು ತೊಗೊಂಡೆ ಕೆಂಪು ಜಾಕೆಟ್ ಹಾಕಿದೆ ಹೊರಟೆ

ಮಾರ್ಚ್ ೨೧, ಶುಕ್ರವಾರ

ಆಸ್ಪತ್ರೆಯಿಂದ ಮನೆಗೆ ಬಂದು ಎರಡು ದಿನವಾಯಿತು. ಪುಸ್ತಕ ಇಲ್ಲೇ ಉಳಿದಿತ್ತು.

ಬಾಯಿ ಒಣಗುತ್ತದೆ. ನಿದ್ದೆ ಬರುತ್ತದೆ.

ಮಾರ್ಚ್ ೨೬, ಬುಧವಾರ

ಆ ದಿನ ಏನಾಯಿತೆಂದು ಭಾವನನ್ನು ಕೇಳಿದೆ. ಅವರು ಮೊದಲು ಮಾತು ಹಾರಿಸಿದರು, ಆಮೇಲೆ ಹೇಳಿದರು. ನಾನು ಬಸ್ ನಿಲ್ದಾಣದಲ್ಲಿ ಕ್ಯೂ ನಿಂತವರನ್ನೆಲ್ಲ ಅಳೆದೆನಂತೆ. ಬಸ್ಸು ಬಂದರೂ ಹತ್ತಲು ಬಿಡಲಿಲ್ಲವಂತೆ. ಕೊನೆಗೆ ರಸ್ತೆಯ ಮಧ್ಯೆ ಟ್ರಾಫಿಕ್ ಪೊಲೀಸನ ಎದೆಗೆ ಟೇಪು ಸುತ್ತಿದೆನಂತೆ. ಆತ ಒಳ್ಳೆಯವನು, ಕೈ ಎತ್ತಿಕೊಂಡೇ ನಿಂತು ಎರಡೂ ಕಡೆ ಗಾಡಿ ನಿಲ್ಲಿಸಿದ್ದನಂತೆ, ಭಾವ ಬರುವ ತನಕ.

"ಪುಣ್ಯಾತ್ಮ. ಅವನ ಅಳತೆ ಮಾತ್ರ ಸರಿಯಾಗಿ ಹೇಳಿದ್ದೆ ನೋಡು" ಎಂದರು. ನಗಬೇಕೆಂದು ಕಾದರು. ನಾನು ನಗಲಿಲ್ಲ.

ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮನನ್ನು ನೋಡಲು ಇವತ್ತು ಹೋಗಿದ್ದೆವು. ಸಣ್ಣ ಕೋಣೆ, ಮೇಜಿನ ಮೇಲೆ ಒಂದು ನೀರಿನ ಹೂಜಿ. ಆಸ್ಪತ್ರೆಯಲ್ಲಿದ್ದಾಗ ಹೇಳಿದ್ದನ್ನೇ ಅವರು ಮತ್ತೊಮ್ಮೆ ಹೇಳಿದರು, ಆಗ ನನ್ನ ತಲೆಗೆ ಹೋಗಿರಲಿಲ್ಲ. ಹಿಂದೆ ಯಾವತ್ತಾದರೂ ಹೀಗಾಗಿತ್ತಾ ಎಂದು ಅವರು ಅಕ್ಕನನ್ನು ಕೇಳಿದ್ದರಂತೆ. ಅಕ್ಕನಿಗೆ ಪರದೆಗಳ ನೆನಪು ಬಂತಂತೆ. ಕೆಲವು ವರ್ಷದ ಹಿಂದೆ ನಾನು ಒಂದು ವಾರ ಕಣ್ಣು ಮುಚ್ಚದೆ ಬೀದಿಯ ಎಲ್ಲ ಮನೆಗೂ ಕಿಟಕಿ ಪರದೆ ಹೊಲಿದಿದ್ದೆ. ಯಾರೂ ಕೇಳಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಮಲಗಿದೆ. "ಕೆಲಸ ಜಾಸ್ತಿಯಾಗಿ ಸುಸ್ತಾಗಿದೆ ಅಂದ್ಕೊಂಡ್ವಿ ಡಾಕ್ಟ್ರೇ" ಎಂದಳಂತೆ ಅಕ್ಕ.

"ಏರಿದ್ದೂ ಕಾಯಿಲೆಯೇ, ಇಳಿದದ್ದೂ ಕಾಯಿಲೆಯೇ. ಎರಡೂ ಸೇರಿ ಒಂದೇ ಕಾಯಿಲೆ. ಬೈಪೋಲಾರ್ ಅಂತಾರೆ" ಎಂದರು ಡಾಕ್ಟರಮ್ಮ. "ನಿಮ್ಮ ಹಿಂದಿನ ಡಾಕ್ಟ್ರು ಇಳಿದಾಗ ಮಾತ್ರ ನೋಡಿದ್ರು. ಆ ಮಾತ್ರೆ ಕೆಟ್ಟದ್ದಲ್ಲ, ಆದ್ರೆ ಈ ಕಾಯಿಲೆಗೆ ಅದೊಂದನ್ನೇ ಕೊಟ್ರೆ ಕೆಲವರಿಗೆ ಹೀಗೆ ಮೇಲಕ್ಕೆ ಎತ್ತಿಬಿಡುತ್ತೆ." ಅದನ್ನು ನಿಲ್ಲಿಸಿ ಈಗ ಲಿಥಿಯಂ. ನೀರು ಚೆನ್ನಾಗಿ ಕುಡಿಯಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ಡಾಕ್ಟರಮ್ಮ ಹೇಳದೆ ಮಾತ್ರೆ ಬಿಡಬಾರದು.

ನಾನು ಒಂದೇ ಪ್ರಶ್ನೆ ಕೇಳಿದೆ. "ಆ ಸಂತೋಷವೂ ನನ್ನದಲ್ವಾ?"

"ನಿಮ್ಮದೇ. ಆದ್ರೆ ಕಡಿವಾಣ ನಿಮ್ಮ ಕೈಲಿರ್ಲಿಲ್ಲ" ಎಂದರು.

ಏಪ್ರಿಲ್ ೨, ಬುಧವಾರ

ಅಂಗಡಿಗೆ ಇಳಿದೆ. ಗೋಡೆಯ ಮೊಳೆ ಬರಿದಾಗಿದೆ. ಕತ್ತರಿಯನ್ನು ಅಕ್ಕ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾಳೆ. ನನಗೆ ಕೊಟ್ಟದ್ದು ಸೂಜಿ ಮತ್ತು ಪ್ಯಾಂಟುಗಳ ಅಂಚು.

ಸೂಜಿಗೆ ದಾರ ಪೋಣಿಸಲು ಹೋದರೆ ಕೈ ನಡುಗುತ್ತದೆ. ದೊಡ್ಡ ನಡುಕವಲ್ಲ, ಪಕ್ಕದ ಕೋಣೆಯಲ್ಲಿ ಮೆಷಿನ್ ಓಡುತ್ತಿರುವಾಗ ಮೇಜು ಅದುರುತ್ತದಲ್ಲ, ಅಷ್ಟು. ಬಾಬಿನ್ ಮಾತಿಲ್ಲದೆ ಸೂಜಿ ಈಸಿಕೊಂಡು ಪೋಣಿಸಿ ಕೊಟ್ಟಳು. ನನಗೆ! ಹನ್ನೆರಡನೇ ವಯಸ್ಸಿಗೆ ಅಪ್ಪನಿಗೇ ಕೋಟು ಕತ್ತರಿಸಿಕೊಟ್ಟವಳಿಗೆ!

ಆ ಮಾತುಗಳಿಗಾಗಿ ಅಕ್ಕನ ಬಳಿ ಕ್ಷಮೆ ಕೇಳಿದೆ. "ಜ್ವರದಲ್ಲಿ ಆಡಿದ ಮಾತು ಅಂತ ಬಿಟ್ಟಿದೀನಿ" ಎಂದಳು. ಬಿಟ್ಟಿದ್ದಾಳೆ, ನಿಜ. ಆದರೆ ಬೀಗದ ಕೈ ಅವಳ ಸೊಂಟದಲ್ಲಿದೆ.

"ಕತ್ತರಿ ಯಾವಾಗ ಕೊಡ್ತೀಯ?"

ಅಕ್ಕ ಒಂದು ಹಳೇ ಬಟ್ಟೆ ಹಾಸಿ ಚಾಕ್ ಕೊಟ್ಟಳು. "ಒಂದು ಗೆರೆ ಎಳಿ." ಎಳೆದೆ. ಕುಡಿದವನು ನಡೆದ ದಾರಿ! "ಇದು ನೆಟ್ಟಗಾದ ದಿನ ಕೊಡ್ತೀನಿ" ಎಂದಳು. ನನಗೆ ಬೇರೇನೂ ಬೇಡ, ಆ ಕತ್ತರಿ ಬೇಕು. ಕತ್ತರಿಸಲಾಗದ ನಾನು ಈ ಅಂಗಡಿಯಲ್ಲಿ ಯಾರು?

ಏಪ್ರಿಲ್ ೧೭, ಗುರುವಾರ

ಗೆರೆ ಸೊಟ್ಟ.

ಕೆಂಪು ಜಾಕೆಟ್ ತೊಟ್ಟು ನೋಡಿದೆ, ಎದೆಯ ಮೇಲೆ ಕೂಡುತ್ತಿಲ್ಲ. ಮೈ ಬಂದಿದೆ, ಅದೂ ಮಾತ್ರೆಯ ಕೊಡುಗೆ. ಬಿಚ್ಚಿ ಸಡಿಲಿಸೋಣವೆಂದರೆ ಒಳಗೆ ಏನೂ ಇಲ್ಲ. ಅಕ್ಕ ನನ್ನ ಹಳೆಯ ಅಂಗಿಗಳನ್ನೆಲ್ಲ ಕೇಳದೆಯೇ ಒಯ್ದು ಬಿಚ್ಚಿ ಹೊಲಿದಿಟ್ಟಳು. ಅವು ಈಗ ಮೈಗೆ ಸರಿಯಾಗಿ ಕೂರುತ್ತವೆ.

ಇನ್ನೊಂದು ಗಮನಿಸಿದೆ. ನಾನು ನಕ್ಕರೆ ಮೆಷಿನ್‌ಗಳು ನಿಲ್ಲುತ್ತವೆ. ಜೋರಾಗಿ ಮಾತಾಡಿದರೆ ಅಕ್ಕನ ಕೈ ಬಂದು ನನ್ನ ಮಣಿಕಟ್ಟು ಹಿಡಿಯುತ್ತದೆ. "ನಗು ಪರ್ವಾಗಿಲ್ಲಮ್ಮ, ಆದ್ರೆ ಕಂತಿನಲ್ಲಿ ನಗು" ಅನ್ನುತ್ತಾರೆ ಭಾವ. ಬೇರೆಯವರಿಗೆ ಸಂತೋಷವಾದರೆ ಸಂತೋಷ, ನನಗಾದರೆ ಡಾಕ್ಟರು! ಸಿಟ್ಟು ಬರುತ್ತದೆ. ಸಿಟ್ಟು ಬಂದರೂ ಡಾಕ್ಟರು.

ಮೇ ೧, ಗುರುವಾರ

ಮೇಷ್ಟ್ರು ಮತ್ತೆ ಬಂದರು! ಸಭಾಂಗಣದ ಕೆಲಸ ಮುಂದಕ್ಕೆ ಹೋಗಿದೆಯಂತೆ, ಚಾವಣಿ ಸೋರಿತಂತೆ, ಬಾಗಿಲು ತೆರೆಯುವುದು ಜುಲೈನಲ್ಲಿ. ಆ ಚಾವಣಿಯನ್ನು ಮುದ್ದಿಸಬೇಕು ಅನ್ನಿಸಿತು.

ಅಕ್ಕ ತಲೆ ತಗ್ಗಿಸಿ, "ನಿಮಗಾದ ತೊಂದ್ರೆಗೆ ಯಾವ ಮುಖ ಇಟ್ಕೊಂಡು..." ಎಂದು ಶುರು ಮಾಡಿದಳು. ಮೇಷ್ಟ್ರು ಕೈ ಅಡ್ಡ ಹಿಡಿದರು. "ಮೂರು ಅಂಗಡಿ ಸುತ್ತಿದೆ ಕಣಮ್ಮ. ನನ್ನ ಡ್ರಮ್ಮಿನವನ ಬೆನ್ನಿನ ಬಗ್ಗೆ ಒಬ್ರೂ ಕೇಳ್ಲಿಲ್ಲ. ನಿಮ್ಮ ತಂಗಿ ಹುಷಾರಾಗಿದ್ರೆ ಇವಳೇ ಕತ್ತರಿಸ್ಲಿ."

ಅಕ್ಕ ನನ್ನ ಕೈ ನೋಡಿದಳು. ನಾನು ಅದನ್ನು ಸೆರಗಿನೊಳಗೆ ಸೇರಿಸಿದೆ. "ಈ ತಿಂಗಳ ಮಧ್ಯದೊಳಗೆ ಹೇಳ್ತೀವಿ" ಎಂದಳು.

ಈ ತಿಂಗಳ ಮಧ್ಯ! ಗೆರೆ ನೆಟ್ಟಗಾಗಬೇಕು. ನಡುಕ ಬಂದದ್ದು ಮಾತ್ರೆಯಿಂದ. ಲೆಕ್ಕ ಸರಳವಾಗಿದೆ. ನಾನೇನೂ ಶಾಶ್ವತವಾಗಿ ಬಿಡುತ್ತಿಲ್ಲ, ಕೋಟು ಮುಗಿಯುವ ತನಕ ಅಷ್ಟೇ.

ಮೇ ೯, ಶುಕ್ರವಾರ

ನೆಟ್ಟಗೆ! ಗೆರೆ ನೆಟ್ಟಗೆ ಬಂತು! ಮೇಜಿನ ಈ ತುದಿಯಿಂದ ಆ ತುದಿಗೆ. ಅಕ್ಕ ಅಳತೆಪಟ್ಟಿ ಇಟ್ಟು ನೋಡಿದಳು, ಮೂಗಿನ ತುದಿ ಕೆಂಪಾಯಿತು. ಸೊಂಟದಿಂದ ಬೀಗದ ಕೈ ತೆಗೆದು, ಕಪಾಟು ತೆರೆದು, ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. "ಗೆದ್ದೆ ಕಣೇ. ಮಾತ್ರೆ ಮೈಗೆ ಒಗ್ಗಿತು" ಎಂದಳು. ಹೂಂ ಎಂದೆ. ಭಾವ ಎಲ್ಲರಿಗೂ ಕಾಫಿ ತಂದರು. ಬಾಬಿನ್ ಕೂಡ ಹಲ್ಲು ಬಿಟ್ಟು ನಕ್ಕಳು.

ಸಂತೋಷಕ್ಕೆ ಕುಣಿಯುವುದೊಂದು ಬಾಕಿ. ಮೇಷ್ಟ್ರಿಗೆ ಒಪ್ಪಿಗೆ ಹೇಳಿ ಕಳಿಸಿದೆವು.

ಮೇ ೧೩, ಮಂಗಳವಾರ

ಹೊಸ ಥಾನು ಬಂತು. ಎಲ್ಲರನ್ನೂ ಟೇಪು ಹಿಡಿದೇ ಅಳೆದೆ, ಅಕ್ಕನಿಗೆ ಸಮಾಧಾನವಾಗಲಿ ಎಂದು. ನಿಜ ಹೇಳಬೇಕೆಂದರೆ ಬೇಕಾಗಿರಲಿಲ್ಲ. ಎಷ್ಟು ಹುಮ್ಮಸ್ಸು! ಬೆಳಗಾಗುವ ಮೊದಲೇ ಎದ್ದು ಅಂಗಡಿ ಗುಡಿಸಿದೆ, ಮೆಷಿನ್‌ಗಳಿಗೆ ಎಣ್ಣೆ ಬಿಟ್ಟೆ, ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದೆ, ಸರಿ ಕಾಣಲಿಲ್ಲ, ಮತ್ತೊಮ್ಮೆ ಜೋಡಿಸಿದೆ. ನಿದ್ದೆ ಸ್ವಲ್ಪ ಕಡಿಮೆ, ಆದರೆ ಇದು ಅದಲ್ಲ. ಇದು ಬರೀ ಸಂತೋಷ, ಕೆಲಸದ ಸಂತೋಷ, ಯಾರಿಗೂ ಆಗುವಂಥದ್ದು. ಈ ಕಪ್ಪು ಹಿಂದಿನದಕ್ಕಿಂತ ಚೆನ್ನಾಗಿದೆ. ಇದರಲ್ಲಿ ನೀಲಿ ಇದೆ. ಇವತ್ತು ಚಾಕ್ ಹಾಕಿ ಮುಗಿಸಿದೆ, ಎಲ್ಲ ಕೋಟಿಗೂ, ಒಂದೇ ಏಟಿಗೆ! ನಾಳೆ ಕತ್ತರಿ.

ಮೇ ೧೪, ಬುಧವಾರ

ಬೆಳಿಗ್ಗೆ ಮೊದಲ ಕೋಟಿನ ಬೆನ್ನಿಗೆ ಕತ್ತರಿ ಬಾಯಿ ತೆರೆದು ಹಿಡಿದಿದ್ದೆ. ಬಾಬಿನ್ ಪಕ್ಕದಲ್ಲಿ ಬಂದು ನಿಂತಳು. ಅವಳು ತಾನಾಗಿ ಬಂದು ನಿಲ್ಲುವವಳಲ್ಲ.

"ಗೆರೆ ಒಂದೇ ಇದೆಯಲ್ಲ" ಎಂದಳು. "ಹೊಲಿಗೆಗೊಂದು, ಕತ್ತರಿಗೊಂದು ಅಂತ ಎರಡು ಹಾಕ್ತಿದ್ರಿ. ಮಾರ್ಜಿನ್ದು ಎಲ್ಲಿ?"

ನೋಡಿದೆ. ಒಂದೇ ಗೆರೆ. ಬೆನ್ನಿಗೂ ಒಂದೇ, ತೋಳಿಗೂ ಒಂದೇ. ಇಡೀ ಥಾನಿನ ಮೇಲೆ, ಎಲ್ಲ ಕೋಟಿಗೂ, ಒಂದೇ ಒಂದು ಬಿಳಿ ಗೆರೆ. ಎಲ್ಲವೂ ಅಚ್ಚುಕಟ್ಟಾಗಿ ನೆಟ್ಟಗಿವೆ. ಈ ಸಲ ಬೇಕೆಂದು ಬಿಟ್ಟದ್ದಲ್ಲ. ಹಾಕಿದ್ದೇನೆ ಎಂದೇ ತಿಳಿದಿದ್ದೆ.

ಕತ್ತರಿಯನ್ನು ಮೆಲ್ಲಗೆ ಮುಚ್ಚಿದೆ. ಮುಚ್ಚಲು ಎಷ್ಟು ಕಷ್ಟವಾಯಿತೆಂದು ಬರೆಯಲಾರೆ, ಒಳಗೊಬ್ಬಳು ಕತ್ತರಿಸು ಕತ್ತರಿಸು ಎಂದು ಕುಣಿಯುತ್ತಿದ್ದಳು. ಅಡುಗೆಮನೆಗೆ ಹೋಗಿ ಅಕ್ಕನ ಮುಂದೆ ಅದನ್ನು ಹಿಡಿದೆ. "ಇದನ್ನ ಇಟ್ಕೋ. ನಾನು ಮಾತ್ರೆ ತಗೊಳ್ತಿಲ್ಲ. ಮೇಷ್ಟ್ರು ಬಂದು ಹೋದ ದಿನದಿಂದ."

ಅಕ್ಕ ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ಗೆರೆ ನೆಟ್ಟಗಿರ್ಬೇಕು ಅಂದವಳು ನಾನೇ ಅಲ್ವೇನೇ" ಎಂದಳು.

"ನೀನು ಗೆರೆ ಕೇಳಿದ್ದೆ. ಸುಳ್ಳು ಹೇಳು ಅಂದಿರ್ಲಿಲ್ಲ."

"ಹೋಗ್ಲಿ. ನೀನಾಗೇ ಬಂದ್ಯಲ್ಲ." ಅಷ್ಟು ಹೇಳಿ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಭಾವ ಒಳಗೆ ಬಂದು ನೋಡಿ, ದೊಡ್ಡ ಆಸ್ಪತ್ರೆಗೆ ಹೋಗಲು ಸ್ಕೂಟರ್ ಹೊರಗೆ ತೆಗೆದರು.

ಮೇ ೧೬, ಶುಕ್ರವಾರ

ಡಾಕ್ಟರಮ್ಮ ಬೈಯಲಿಲ್ಲ, ಅದೇ ಹೆಚ್ಚು ನೋವಾಯಿತು. ಮೊನ್ನೆಯೇ ಲಿಥಿಯಂ ಮತ್ತೆ ಶುರು ಮಾಡಿಸಿದ್ದರು, ನಿದ್ದೆಗೂ ಒಂದು ಮಾತ್ರೆ ಕೊಟ್ಟಿದ್ದರು. ಇವತ್ತು ಕೂರಿಸಿಕೊಂಡು ಮಾತಾಡಿದರು.

"ಕೈ ನಡುಗುತ್ತೆ ಅಂತ ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸಹಿಸ್ಕೊಳ್ಳಿ ಅಂತೀರಿ ಅಂದ್ಕೊಂಡೆ."

"ನೀವು ಕತ್ತರಿಸೋವ್ರು. ಸಹಿಸ್ಕೊಳ್ಳಿ ಅಂತ ಹೇಗೆ ಹೇಳ್ಲಿ?" ರಕ್ತ ಪರೀಕ್ಷೆ ನೋಡಿಕೊಂಡು ಪ್ರಮಾಣ ಸರಿಮಾಡಬಹುದಂತೆ. ಅದೂ ಸಾಲದಿದ್ದರೆ ನಡುಕಕ್ಕೆಂದೇ ಬೇರೆ ಮಾತ್ರೆ ಇದೆಯಂತೆ. ಪೂರ್ತಿ ಹೋಗದಿದ್ದರೂ ಬಹಳ ಕಡಿಮೆಯಾಗುತ್ತದಂತೆ. ಇಷ್ಟು ಸಣ್ಣ ಮಾತು ಕೇಳಲು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆನಲ್ಲ! ನನ್ನ ಪೆದ್ದುತನಕ್ಕೆ ನಾನೇ ನಕ್ಕೆ. ಅಕ್ಕನ ಕೈ ಮಣಿಕಟ್ಟಿಗೆ ಬಂತು.

"ಇದು ನಗು ಅಷ್ಟೇ, ಬಿಡಿ" ಎಂದರು ಡಾಕ್ಟರಮ್ಮ. ಅಕ್ಕ ಬಿಡಲಿಲ್ಲ.

ಜೂನ್ ೧೨, ಗುರುವಾರ

ಕತ್ತರಿಸಿದೆ!

ಇವತ್ತು ಅಕ್ಕ ಗೆರೆ ಪರೀಕ್ಷೆ ಮಾಡಲಿಲ್ಲ. ಕತ್ತರಿ ತಂದು ಮೇಜಿನ ಮೇಲಿಟ್ಟು ತನ್ನ ಮೆಷಿನ್‌ಗೆ ಹೋಗಿ ಕೂತಳು. ನನ್ನ ಕಡೆ ಬೆನ್ನು! ಬೇಕೆಂದೇ ಬೆನ್ನು ಹಾಕಿದಳು, ನನಗೆ ಗೊತ್ತು. ಪೆಡಲ್ ಮಾತ್ರ ತುಳಿಯಲಿಲ್ಲ.

ನಡುಕ ಇನ್ನೂ ಇದೆ, ಗಮನಿಸಿದರೆ ಕಾಣುವಷ್ಟು. ಅದಕ್ಕೊಂದು ಉಪಾಯ ಕಂಡುಕೊಂಡಿದ್ದೇನೆ. ಬಟ್ಟೆಯ ಮೇಲೆ ಕಬ್ಬಿಣದ ತೂಕಗಳನ್ನಿಟ್ಟು, ಎಡ ಅಂಗೈ ಒತ್ತಿ ಹಿಡಿದು, ಕತ್ತರಿಯ ಕೆಳಬಾಯಿಯನ್ನು ಮೇಜಿನಿಂದ ಮೇಲೆತ್ತದೆ ತಳ್ಳಿಕೊಂಡು ಹೋಗುವುದು. ಮೊದಲಿನಂತೆ ಸರಸರ ಅಲ್ಲ. ಒಂದು ಬೆನ್ನಿಗೆ ಎಷ್ಟು ಹೊತ್ತು! ಆದರೆ ನಿಧಾನಕ್ಕೆ ಹೋದರೆ ಕತ್ತರಿ ಅಲಗುಗಳ ಸದ್ದು ಕೇಳಿಸುತ್ತದೆ, ಇದುವರೆಗೆ ನಾನು ಅದನ್ನು ಕೇಳಿಯೇ ಇರಲಿಲ್ಲ. ಎರಡು ಗೆರೆ, ಎರಡು ಬೆರಳಿನ ಅಂತರ. ಹೊರಗಿನದರ ಮೇಲೆ ಕತ್ತರಿ. ಬಾಬಿನ್ ಇನ್ನೊಂದು ತುದಿ ಹಿಡಿದು ನಿಂತಿದ್ದಳು. ಡ್ರಮ್ಮಿನವರ ಬೆನ್ನು ಮೇಜಿನಿಂದ ಬೇರೆಯಾಗಿ ಬಂದಾಗ ಅವಳು "ಹಾಂ" ಎಂದಳು. ಅಕ್ಕನ ಪೆಡಲ್ ಆಗ ಶುರುವಾಯಿತು.

ಜೂನ್ ೨೮, ಶನಿವಾರ

ಟ್ರಯಲ್. ಪಿಟೀಲಿನ ಅಜ್ಜ ಅಂಗಡಿಯಲ್ಲೇ ಅರ್ಧ ಗಂಟೆ ನುಡಿಸಿದರು, ನಿಲ್ಲಿಸಿ ಎಂದರೂ ನಿಲ್ಲಿಸಲಿಲ್ಲ. ತುತ್ತೂರಿಯವರಿಗೆ ಮಾತ್ರ ಎದೆ ಬಿಗಿಯಾಯಿತು. ಈ ನಡುವೆ ಮೈ ಬಂದಿದೆ, "ನನಗೂ ನಿಮಗೂ ಒಂದೇ ಅದೃಷ್ಟ" ಎಂದೆ. ಅಕ್ಕ ಬಿಚ್ಚಿದಳು, ಸಡಿಲಿಸಿದಳು, ಅವರು ಕಾಫಿ ಕುಡಿಯುವಷ್ಟರಲ್ಲಿ ಆಯಿತು.

ಮಲಗುವ ಹೊತ್ತಾಯಿತು. ನನ್ನ ನಿದ್ದೆಗೆ ಈಗ ಇಡೀ ಮನೆಯೇ ಕಾವಲು.

ಜುಲೈ ೫, ಶನಿವಾರ

ಸಭಾಂಗಣದಿಂದ ಈಗಷ್ಟೇ ಬಂದೆವು. ಬಳೆ ಬಿಚ್ಚುವ ಮೊದಲೇ ಬರೆಯುತ್ತಿದ್ದೇನೆ.

ಎಂಥಾ ಸಂಜೆ! ಹೊಸ ಚಾವಣಿ, ಹೊಸ ಬಣ್ಣದ ವಾಸನೆ, ಕಿಕ್ಕಿರಿದ ಜನ. ನಾವು ನಾಲ್ವರೂ ಐದನೇ ಸಾಲಿನಲ್ಲಿ. ಪರದೆ ಸರಿಯಿತು, ದೀಪದ ಬೆಳಕು ಬಿತ್ತು, ಕಪ್ಪು ಕೋಟುಗಳು ಸಾಲಾಗಿ ಎದ್ದು ನಿಂತವು. ಭಾವ ಪಕ್ಕದವರಿಗೆ "ನಮ್ಮನೇದು" ಎಂದರು, ಹಿಂದಿನವರಿಗೂ ಹೇಳಿದರು.

ನುಡಿಸತೊಡಗಿದರು. ಸಂಗೀತ ನನಗೇನು ತಿಳಿಯುತ್ತದೆ, ನಾನು ತೋಳುಗಳನ್ನು ನೋಡುತ್ತಿದ್ದೆ. ಎಲ್ಲ ಪಿಟೀಲುಗಳೂ ಒಟ್ಟಿಗೆ ಮೇಲೇರಿದವು. ಅಷ್ಟು ತೋಳುಗಳು, ಆದರೂ ಒಂದು ಕಾಲರೂ ಅಲುಗಲಿಲ್ಲ. ಆಮೇಲೆ ತೋಳು ಮರೆತೆ, ಕೋಟು ಮರೆತೆ. ನಾದ ಏರುತ್ತಾ ಏರುತ್ತಾ ಚಾವಣಿಗೆ ಮುಟ್ಟಿ ನಿಂತಿತು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. ಗಂಟಲು ಹರಿಯುವಂತೆ ಕೂಗಿದೆ, ಅಳುತ್ತಾ ನಗುತ್ತಾ ಚಪ್ಪಾಳೆ ತಟ್ಟಿದೆ. ಇಷ್ಟು ಸಂತೋಷ ನನಗೆ ಮತ್ತೆ ಬರುತ್ತದೆಂದು ನಾನು ನಂಬಿಯೇ ಇರಲಿಲ್ಲ.

ಅಕ್ಕನ ಕೈ ಬಂತು. ಮಣಿಕಟ್ಟನ್ನು ಹಿಡಿಯಿತು, ಬಿಗಿಯಾಗಿ. ಬಗ್ಗಿ ನೋಡಿದೆ. ನನ್ನ ಮುಖವನ್ನು ಅವಳು ಹೆದರಿಕೆಯಿಂದ ಹುಡುಕುತ್ತಿದ್ದಳು. "ಕೂತ್ಕೊಳೇ" ಎಂದಳು, ಆ ಗದ್ದಲದಲ್ಲಿ ತುಟಿ ಅಲುಗಿದ್ದಷ್ಟೇ ಕಾಣಿಸಿತು. ನನ್ನ ಜೀವವೇ ಕುಗ್ಗಿತು. ಕೂರಲು ಹೊರಟೆ.

ಅಷ್ಟರಲ್ಲಿ ಅಕ್ಕ ಸುತ್ತ ನೋಡಿದಳು. ಮುಂದಿನ ಸಾಲು ಎದ್ದು ನಿಂತಿತ್ತು. ಹಿಂದಿನ ಸಾಲು ಎದ್ದು ನಿಂತಿತ್ತು. ಒಬ್ಬ ಮುದುಕ ಕುರ್ಚಿ ಹತ್ತಿ ಕೂಗುತ್ತಿದ್ದ. ಬಾಬಿನ್, ನಮ್ಮ ಬಾಬಿನ್, ಎರಡು ಬೆರಳು ಬಾಯಿಗಿಟ್ಟು 'ವಿಶಲ್' ಹೊಡೆಯುತ್ತಿದ್ದಳು. ಇಡೀ ಸಭಾಂಗಣಕ್ಕೆ ಸಂತೋಷವಾಗಿತ್ತು, ನನಗೆ ಆದಷ್ಟೇ.

ಅಕ್ಕ ನನ್ನ ಕೈ ಬಿಟ್ಟಳು. ಎದ್ದು ನಿಂತು, ಅವಳೂ ಚಪ್ಪಾಳೆ ತಟ್ಟಿದಳು.